ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು

ಹಟ್ಟಿಯಲ್ಲಿ ರಾತ್ರಿ ಪಾಳಿಯ ಸೈರನ್ ಕೂಗಿದ ಮೇಲೆ
ಸ್ವಿಚ್ಚಿನ ಎದುರು ನೆಲಕ್ಕೇ ಕೂತೆ.
ಮೇ ತಿಂಗಳ ಗೋಡೆ ಹನ್ನೊಂದು ಗಂಟೆಗೂ ಬಿಸಿ,
ಮಡಿಲಲ್ಲಿ ಲ್ಯಾಪ್‌ಟಾಪು ಅದಕ್ಕಿಂತ ಬಿಸಿ.

ಕೆಳಗೆ, ಎರಡು ಸಾವಿರ ಅಡಿ ಕೆಳಗೆ,
ಪಂಪ್ ಮನೆಯಲ್ಲಿ ಒಂದೇ ಕ್ಯಾಮೆರಾ.
ನೋಡಬೇಕಾದ ಪರದೆಗಳು ಮೂರು:
ವೈಂಡಿಂಗ್ ಎಂಜಿನ್ನಿನ ಖಾಜಾಹುಸೇನನದು,
ಕಂಟ್ರೋಲ್ ರೂಮಿನ ಹುಲಿಗೆಮ್ಮ ಮೇಡಮ್ಮರದು,
ರೆಸ್ಕ್ಯೂ ಸ್ಟೇಷನ್ನಿನಲ್ಲಿ ಖಾಲಿ ಕುರ್ಚಿಯ ಎದುರಿನದು.

ಮೂವರಿಗೂ ಮೂರು ಸಲ ಕಳಿಸಿದರೆ
ಶಾಫ್ಟಿನಲ್ಲಿ ಇಳಿಬಿದ್ದ ಆ ಹಳೆಯ ಎಳೆ ತಾಳದು.
ಒಮ್ಮೆ ಮಾತ್ರ ತಾ. ದಾರಿ ಕವಲೊಡೆಯುವಲ್ಲಿ ನಕಲು ಮಾಡು.
ಬೇಕು ಅಂದವರ ಬಾಗಿಲಿಗೆ ಹೋಗು,
ಅನ್ನದವರ ಬಾಗಿಲು ತಟ್ಟಬೇಡ.
ಇಷ್ಟನ್ನೇ ಸ್ವಿಚ್ಚಿಗೆ ತಿಳಿಯುವಂತೆ ಬರೆದೆ:
ಮಲ್ಟಿಕಾಸ್ಟ್ ರೂಟಿಂಗ್ ಶುರುವಾಗಲಿ ಅಂತ ಒಂದು ಸಾಲು,
ಕೊಡುವವರು ಬೇಡುವವರು ಕೂಡುವ ಕಟ್ಟೆ ಯಾವುದೆಂದು ಒಂದು ಸಾಲು,
ಗುಂಪಿಗೆ ಇನ್ನೂರ ಮೂವತ್ತೊಂಬತ್ತರಿಂದ ಶುರುವಾಗುವ ವಿಳಾಸ.
ಆ ವಿಳಾಸದಲ್ಲಿ ಯಾರ ಮನೆಯೂ ಇಲ್ಲ.

ಚಿತ್ರ ಬಂತು.
ಪಂಪಿನ ಮೈಯಿಂದ ಜಾರುವ ಹನಿ,
ಗೋಡೆಯಲ್ಲಿ ಬೆಣಚುಕಲ್ಲಿನ ಬಿಳಿ ಗೆರೆ,
ಮೊಳೆಗೆ ಯಾರೋ ನೇತುಹಾಕಿದ ಕೆಂಪು ಟವಲು.
‘ಚೊಲೋ ಕಾಣಾಕತ್ತೈತ್ರೀ’ ಎಂದರು ಹುಲಿಗೆಮ್ಮ ಮೇಡಂ ಫೋನಿನಲ್ಲಿ,
ಚಾ ಕಳಿಸಿದರು.
ಚಾ ಆರುವ ಮೊದಲೇ ಚಿತ್ರ ನಿಂತಿತು,
ಹನಿ ಅರ್ಧ ದಾರಿಯಲ್ಲಿ.

ಮತ್ತೆ ಹಚ್ಚಿದೆ. ಬಂತು. ನಿಂತಿತು.
ಕೇಬಲ್ ಬದಲಿಸಿದೆ, ಇಲಿಯನ್ನು ಬೈದೆ,
ಕ್ಯಾಮೆರಾ ಮಾಡಿದ ಕಂಪನಿಯನ್ನು ಬೈದೆ.
ನಾಲ್ಕನೇ ಸಲ ಗಡಿಯಾರ ಹಿಡಿದು ಕಾದೆ:
ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು.
ಐದನೇ ಸಲವೂ ಅಷ್ಟೇ, ಒಂದು ಸೆಕೆಂಡು ಹೆಚ್ಚಿಲ್ಲ, ಕಡಿಮೆಯಿಲ್ಲ.
ಕೆಟ್ಟದ್ದಕ್ಕೆ ಇಷ್ಟು ಶಿಸ್ತು ಇರುವುದಿಲ್ಲ.

ಹೊರಗೆ ಬಂದೆ. ಅರೆದ ಕಲ್ಲಿನ ಬೂದು ದಿಬ್ಬದ ಮೇಲೆ ಚಂದ್ರ.
ಟೋಕನ್ ಕಚೇರಿಯಲ್ಲಿ ತಾಯಪ್ಪ, ಮುಂದೆ ಸುಸಲಾದ ಪೊಟ್ಟಣ,
ಹಿಂದೆ ಹಲಗೆಯ ತುಂಬ ಹಿತ್ತಾಳೆ ಬಿಲ್ಲೆ.
ಫೋನು ತಿರುವಿ ಕೇಳುತ್ತಿದ್ದ ಕೆಳಗಿನವರನ್ನು:
‘ಯಾರ್ಯಾರದೀರಿ?’
ಇಟ್ಟ. ಒಂದು ತುತ್ತು ತಿಂದ. ಮುಂದಿನ ಹಂತಕ್ಕೆ ತಿರುವಿದ.
‘ಯಾರ್ಯಾರದೀರಿ?’

‘ಹಲಗೀ ಮ್ಯಾಲೇ ಐತಲ್ಲ ತಾಯಪ್ಪಣ್ಣ, ಮತ್ತ್ಯಾಕ ಕೇಳ್ತಿ?’
‘ಅದು ಹೋದಾಗಿಂದು ಹೇಳತೈತಿ, ಯವ್ವಾ.
ಈಗಿಂದು ಹೇಳಂಗಿಲ್ಲ.’

ನನ್ನ ಕೈಯಲ್ಲಿ ಅವನು ಕೊಟ್ಟ ಸುಸಲಾ ಹಾಗೇ ಉಳಿಯಿತು.

ಪರದೆ ಒಮ್ಮೆ ಬೇಕು ಅನ್ನುತ್ತದೆ. ಅಲ್ಲಿಂದಾಚೆ
ಕೇಳಿದರಷ್ಟೇ ಹೇಳುತ್ತದೆ.
ಸ್ವಿಚ್ಚು ಕಾಯುತ್ತದೆ, ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು,
ಆಮೇಲೆ ಹೆಸರು ಹೊಡೆದುಹಾಕುತ್ತದೆ.
ಮೇಲಿನಿಂದ ಎರಡು ನಿಮಿಷಕ್ಕೊಮ್ಮೆ ಪ್ರಶ್ನೆ ಹೊರಡುತ್ತಲೇ ಇತ್ತು,
ತಲುಪುತ್ತಿರಲಿಲ್ಲ.

ತಡೆದದ್ದು ಒಂದು ಸಾಲು, ಹೋದ ವರ್ಷದ್ದು:
ಎಲ್ಲರಿಗೂ ಎಂದು ಬಂದದ್ದು ಬರೀ ಗದ್ದಲ, ಒಳಬಿಡಬೇಡ.
ಬರೆದವರ ಹೆಸರು ನೋಡಿದೆ.
ನನ್ನದೇ.

ಆ ಸಾಲಿನ ಹಿಂದೆ ‘ನೋ’ ಎಂದು ಸೇರಿಸಿ ಒತ್ತಿದೆ.
ಸ್ವಿಚ್ಚಿನ ಭಾಷೆಯಲ್ಲಿ ಬೇಡ ಎಂದದ್ದನ್ನು ಅಳಿಸಲೂ
ಬೇಡ ಎಂದೇ ಹೇಳಬೇಕು.

ನಾಲ್ಕು ಇಪ್ಪತ್ತು ದಾಟಿತು. ಐದು. ಹತ್ತು.
ಹನಿ ಬಿತ್ತು, ಅದರ ಹಿಂದಿನದೂ ಬಿತ್ತು.
ಕೆಳಗೆ ಒಂದು ಕೈ ಬಂದು ಟವಲು ತೆಗೆದುಕೊಂಡು ಹೋಯಿತು.

ಲಾಗಿನಲ್ಲಿ ಈಗ ಉತ್ತರಗಳು ಬೀಳುತ್ತಿವೆ:
ಖಾಜಾಹುಸೇನನ ಪರದೆ, ಅದೀನಿ.
ಹುಲಿಗೆಮ್ಮ ಮೇಡಮ್ಮರ ಪರದೆ, ಅದೀನಿ.
ರೆಸ್ಕ್ಯೂ ಸ್ಟೇಷನ್ನಿನ ಪರದೆಯೂ, ಎದುರಿಗೆ ಯಾರೂ ಕೂತಿಲ್ಲದೆ,
ಅದೀನಿ ಅನ್ನುತ್ತದೆ. ಸ್ವಿಚ್ಚಿಗೆ ಅಷ್ಟು ಸಾಕು.

ಕಿಟಕಿಯಾಚೆ ತಾಯಪ್ಪ ಮತ್ತೆ ಫೋನು ತಿರುವುತ್ತಾನೆ.
‘ಹಾಂ, ಅದೀವಿ’ ಎಂದು ಬಂದದ್ದಕ್ಕೆ ಇಡುವುದಿಲ್ಲ.
‘ಯಾರಪಾ ಮಾತಾಡಾದು? ಮೌನೇಶನ ದನಿ ಅಲ್ಲ ಇದು.
ಅವನ್ನ ಕರಿ’ ಎನ್ನುತ್ತಾನೆ,
ಕಾಯುತ್ತಾನೆ.