ಹಿಂಗಾಲು

ನಾನು ಶೂಲಾಯ. ಬಾಬಿಲೋನಿನ ಇಟ್ಟಿಗೆಗೂಡಿನವನು.
ದೇವರ ಮೃಗ ಇಡಿಯಾಗಿ ನನ್ನ ಪಾಲಿಗೆ ಬಂದದ್ದಿಲ್ಲ,
ಬಂದದ್ದು ಕಾಲು. ಅದೂ ಹಿಂದಿನದು, ಎಡದ್ದು.

ತಲೆ ಮುಶೇಜಿಬನದು. ಹಾವಿನ ತಲೆ.
ಅವನಿಗೊಮ್ಮೆ ಹಾವು ಕಚ್ಚಿತ್ತು, ಆ ಹಕ್ಕಿನಿಂದ ಪಡೆದ.
ಮುಂಗಾಲು ಸಿಂಹದ್ದು, ತಾಬಿಯನ ಅಚ್ಚು;
ಅರಮನೆಯ ಬೋನಿನೆದುರು ಮೂರು ದಿನ ಕೂತು ನೋಡಿದ,
ನಾಲ್ಕನೆಯ ದಿನ ಯಾರೊಂದಿಗೂ ಮಾತಾಡಲಿಲ್ಲ.
ಬಾಲದ ತುದಿಗೆ ಚೇಳಿನ ಕೊಂಡಿ.
ಅದಕ್ಕೆ ಯಾರೂ ಎಲ್ಲಿಗೂ ಹೋಗಬೇಕಿರಲಿಲ್ಲ,
ಮಣ್ಣಿನ ಗುಡ್ಡೆ ಕೆದಕಿದರೆ ಸಾಕು.

ಕಾಲಿನವನಿಗೆ ಕಾಲು ಕೂಲಿ, ಎಂದ ಲೆಕ್ಕದವ, ತಮಾಷೆಗೆ;
ಆಮೇಲೆ ಕೊಟ್ಟದ್ದೂ ಅಷ್ಟೇ.

ನನಗೆ ಹೇಳಿದ್ದು: ಬೆಟ್ಟದ ಹದ್ದಿನ ಪಂಜ.
ಬೆಟ್ಟ ಕಂಡವನಲ್ಲ ನಾನು,
ನಮ್ಮ ನಾಡು ರೊಟ್ಟಿಯ ಹಂಚಿನಷ್ಟು ಚಪ್ಪಟೆ.
ಕಂಡದ್ದು ಕಾಲುವೆ ದಂಡೆಯ ಮುದಿ ಗಿಡುಗ,
ಬುಸಾಸಳ ಬುಟ್ಟಿಯಿಂದ ದಿನವೂ ಮೀನು ಎಗರಿಸುತ್ತಿದ್ದ
ಕಳ್ಳ ಮುಂಡೇದು. ಬೆರಳೊಂದು ಎಂದೋ ಮುರಿದು
ಸೊಟ್ಟಗೆ ಕೂಡಿಕೊಂಡಿತ್ತು.
ಅದು ಸತ್ತ ದಿನ ಕಾಲು ಕತ್ತರಿಸಿ ತಂದೆ,
ನೋಡಿ ನೋಡಿ ಅಚ್ಚು ಕೆತ್ತಿದೆ.
ಸೊಟ್ಟವನ್ನು ನೆಟ್ಟಗೆ ಮಾಡಬಹುದಿತ್ತು.
ಕೈ ಒಪ್ಪಲಿಲ್ಲ.

ಮೇಸ್ತ್ರಿ ಗುರುತು ಬರೆದ: ಗೆರೆ ಎರಡು, ಚುಕ್ಕಿ ಒಂದು,
ಯಾವ ಸಾಲು, ಎಷ್ಟನೆಯ ಇಟ್ಟಿಗೆ. ಬೆರಳು ನೋಡಲಿಲ್ಲ.
ಅಚ್ಚು ಒಂದೇ, ಕಾಲು ನೂರಾರು.
ಗೂಡಿನ ಉರಿಗೆ ನನ್ನ ಹುಬ್ಬು
ಸುಟ್ಟು, ಚಿಗುರಿ, ಮತ್ತೆ ಸುಟ್ಟು.

ಹೊಸ ವರ್ಷದ ಮೆರವಣಿಗೆ. ಬಾಗಿಲಿನ ನೀಲಿಗೆ
ಕಣ್ಣು ಕೋರೈಸಿ ಜನ ನಿಂತಲ್ಲೇ ನಿಂತರು.
ಅಂದೇ ಮೊದಲು ಕಂಡೆ
ನನ್ನ ಕಾಲಿನ ಮೇಲೆ ಬಾಕಿ ಮೈ ನಿಂತದ್ದನ್ನು.
ಊರಿಗೆ ಊರೇ ಕಾಲಿಗೆ ಬಿತ್ತು.
ನಾನೂ ಬಿದ್ದೆ. ಬಿದ್ದವನ ಮೂಗಿನೆದುರೇ ಸೊಟ್ಟ ಬೆರಳು!
ನಗು ತಡೆಯಲು ತುಟಿ ಕಚ್ಚಿ ನಡುಗಿದೆ,
ಪಕ್ಕದ ಮುದುಕ ಅದನ್ನು ಭಕ್ತಿ ಅಂದುಕೊಂಡ.
ಮಗಳು ಕಶ್ಶಾಯ ಕಿವಿಯಲ್ಲಿ ಕೇಳಿದಳು:
ಅಪ್ಪಾ, ಅದು ಏನು ತಿನ್ನುತ್ತೆ?
ಮೀನು, ಅಂದೆ.

*

ಬರ್ಲಿನ್. ಸ್ಪ್ರೀ ನದಿ ಹೆಪ್ಪುಗಟ್ಟಿದ ತಿಂಗಳು.
ಹೆಡ್ವಿಗ್ ಕ್ರೌಟ್‌ಮನ್‌ಳ ಅಂಗೈ ಉಪ್ಪುನೀರಿಗೆ ಬಿರಿದಿದೆ.
ಮೊದಲು ಗುಂಡಿ ಕಾರ್ಖಾನೆಯಲ್ಲಿದ್ದಳು, ಆರಿಸುವುದು ಗೊತ್ತು.
ಇಲ್ಲಿ ಪೆಟ್ಟಿಗೆ ಪೆಟ್ಟಿಗೆ ಚೂರು. ಪೀಪಾಯಿಯಲ್ಲಿ ನೆನೆಸಿ
ನೂರು ತಲೆಮಾರಿನ ಉಪ್ಪು ಬಿಡಿಸಬೇಕು,
ಒಣಗಿಸಿ, ಮೇಜಿನ ಮೇಲೆ
ಬಣ್ಣಕ್ಕೆ ಬಣ್ಣ, ಬಿರುಕಿಗೆ ಬಿರುಕು ಹೊಂದಿಸಬೇಕು.

ಮೊದಲ ಸೊಟ್ಟ ಬೆರಳನ್ನು ಪಕ್ಕಕ್ಕಿಟ್ಟಳು,
ಸುಡುವಾಗ ಕೆಟ್ಟದ್ದೆಂದು. ಎರಡನೆಯದನ್ನೂ.
ಐದನೆಯದು ಸಿಕ್ಕಾಗ ಐದನ್ನೂ ಸಾಲಾಗಿಟ್ಟು
ಬಹಳ ಹೊತ್ತು ನೋಡಿದಳು.
ಪ್ರೊಫೆಸರರೇ, ಇದು ತಪ್ಪಲ್ಲ, ಅಂದಳು.
ಅವರು ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿ
'ಗೂಢ ಸಂಕೇತವಿದ್ದೀತು, ದೈವಿಕ ಊನ' ಎಂದು
ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು,
ಕೆಳಗೆ ಗೆರೆ ಎಳೆದರು.

ಹೆಡ್ವಿಗ್ ಸುಮ್ಮನಿದ್ದಳು.
ಅವಳಜ್ಜಿ ಕೋಳಿ ಸಾಕಿದವಳು,
ಮುರಿದು ತಾನಾಗಿ ಕೂಡಿದ ಕಾಲು ಹೇಗಿರುತ್ತದೆಂದು
ಅವಳಿಗೇನು ಹೇಳಬೇಕಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚಿದಳು: ಕಪ್ಪು ಬ್ರೆಡ್ಡು,
ಅರ್ಧ ಹೆರಿಂಗ್ ಮೀನು.
ಯಾರೂ ಇಲ್ಲದ್ದು ನೋಡಿ, ಯಾಕೋ,
ಮೀನನ್ನು ಪಂಜದ ಮುಂದೆ ಒಂದು ಗಳಿಗೆ ಇಟ್ಟಳು.
ಆಮೇಲೆ ತಾನೇ ತಿಂದಳು,
ಮುಳ್ಳು ಬಿಡದೆ.