ಏಕವಚನ

ಹಲಗೆಯ ಟ್ಯಾಂಕು. ಹೊಟ್ಟೆಯೊಳಗೆ
ಯಾರದೋ ಹಳೇ ಟ್ರ್ಯಾಕ್ಟರು,
ನೀರಿನ ಪೈಪೇ ಫಿರಂಗಿ.
ದೂರದಿಂದ ಎದೆ ಝಲ್ಲೆನ್ನುತ್ತದೆ, ಸುಳ್ಳು ಹೇಳುವುದಿಲ್ಲ.
ಹತ್ತಿರ ಹೋದರೆ ಸರೇಸಿನ ವಾಸನೆ.

ಪಂಜ್ ನದಿಯ ಈ ದಡದಲ್ಲಿ ನಿಂತು
ಆ ದಡದ ಯುದ್ಧ ತೆಗೆಯುತ್ತಿದ್ದಾರೆ.
ಆಚೆ ಹೋಗಲು ವಿಮೆಯವರು ಒಪ್ಪುವುದಿಲ್ಲವಂತೆ.
ನಾವು ಹೋದಾಗ
ಯಾರೂ ವಿಮೆಯ ಮಾತೆತ್ತಿರಲಿಲ್ಲ.

ದಿನಕ್ಕೆ ನೂರಿಪ್ಪತ್ತು ಸೊಮೋನಿ, ಒಂದು ಹೊತ್ತು ಊಟ.
ಅಂಟಿಸುವ ಗಡ್ಡ ಬೇಡ ಎಂದರು, ನನ್ನದೇ ಇದೆ.
ಪಾತ್ರ: ಶತ್ರು. ಹೆಸರಿಲ್ಲ.

‘ನಜರ್ಶೊ, ಆ ಬಂಡೆಯ ಹಿಂದಿನಿಂದ ಎದ್ದು ಕೂಗಬೇಕು ನೀನು.’
‘ಏನಂತ?’
‘ಬಾಯಿಗೆ ಬಂದದ್ದು. ನಿಮ್ಮ ಮಾತಲ್ಲಿ.
ಕೆಳಗೆ ಅಕ್ಷರ ನಾವು ಹಾಕಿಕೊಳ್ಳುತ್ತೇವೆ.’

ಬಾಯಿಗೆ ಬಂದದ್ದು!
ನಲವತ್ತು ವರ್ಷದಿಂದ ಬಾಯಿಗೆ ಬಂದು
ಹಲ್ಲಿನ ಹಿಂದೆಯೇ ನಿಂತದ್ದು ಒಂದಿದೆ.

ಆಗ ನಾನು ಶೆಲ್ಲು ತುಂಬುವವನು,
ಕಾಗದದಲ್ಲಿ ಮಾತ್ರ ದುಭಾಷಿ.
ಹಳ್ಳ ದಾಟುವಾಗ ಎಡಗಡೆಯ ಸರಪಳಿ ಕಡಿಯಿತು.
ರೇಡಿಯೋ ಆಗಲೇ ಮೂಕ.
ಮೂರು ಹಗಲು ಕಾದ ಕಾವಲಿಯ ಮೇಲಲ್ಲ,
ಕಾವಲಿಯ ಒಳಗೆ ನಾಲ್ವರು:
ಕಮಾಂಡರ್ ಸವೇಲ್ಯೆವ್,
ಗುರಿಕಾರ ಇಮಾಂತ್ಸ್, ಅವನಿಗೆ ಜ್ವರ,
ಚಾಲಕ ತರಾಸ್, ತಾಯಿಗೆ ಬರೆದ ಕಾಗದವನ್ನು
ಮಡಿಸಿ ಬಿಡಿಸಿ, ಮಡಿಸಿ ಬಿಡಿಸಿ
ಕೊನೆಗೆ ಅದನ್ನೇ ಬೀಸಣಿಗೆ ಮಾಡಿಕೊಂಡವನು.
ನೀರು ಮುಚ್ಚಳದ ಲೆಕ್ಕದಲ್ಲಿ.
ಎರಡನೆಯ ರಾತ್ರಿ ನಾನು ಕನವರಿಸಿದೆನಂತೆ.
ನಮ್ಮ ಮನೆಮಾತಲ್ಲಿ.
ಮೇಲಿನ ಬಾಗಿಲು ತೆರೆದಿತ್ತು.

ಮೂರನೆಯ ಬೆಳಗ್ಗೆ ಗುಡ್ಡದಿಂದ
ಒಂದು ಹೆಣ್ಣುದನಿ.
ಬಾ, ಅಂದಳು.
ಬನ್ನಿ ಅಲ್ಲ. ಬಾ.
ನಮ್ಮ ಅಮ್ಮ ಹಿತ್ತಲಿಂದ ಕೂಗುವಾಗ
ಕೊನೆಯಲ್ಲಿ ಸ್ವಲ್ಪ ಎಳೆಯುತ್ತಿದ್ದಳಲ್ಲ,
ಹಾಗೆ ಎಳೆದು.

ನಾಲ್ವರಲ್ಲಿ ಆ ಮಾತು ತಿಳಿದವನು ನಾನೊಬ್ಬನೇ.
ಅದು ಕರೆದದ್ದೂ ಒಬ್ಬನನ್ನೇ.
ಮೊಣಕಾಲು ಆಗಲೇ ಏಳಲು ಹವಣಿಸಿತ್ತು.

‘ಏನಂತಾಳೆ?’ ಕೇಳಿದ ಸವೇಲ್ಯೆವ್.
ನನ್ನ ಮುಖ ನೋಡಿದ. ಇಮಾಂತ್ಸ್ ಕೂಡ,
ಜ್ವರದಲ್ಲೂ.
ನನ್ನನ್ನು ಕರೆಯುತ್ತಿದ್ದಾಳೆ ಎಂದರೆ
ನಾನು ಯಾರವನಾಗುತ್ತಿದ್ದೆ?
‘ಶರಣಾಗಿ ಅಂತಾಳೆ’ ಎಂದೆ.
ಬಹುವಚನದಲ್ಲಿ.

ಗೋಪುರ ತಿರುಗುವಾಗ ಎಂಥ ಸದ್ದು ಗೊತ್ತೇ,
ಬೀಸುವ ಕಲ್ಲಿನ ಸದ್ದೇ.
ಆಮೇಲೆ ಮೆಷಿನ್‌ಗನ್ನು.
ಆಮೇಲೆ ಏನೂ ಇಲ್ಲ.
ಆಮೇಲೆ, ಬಹಳ ಹೊತ್ತಿನ ಮೇಲೆ,
ಸಣ್ಣದೊಂದು ಗಂಟೆ.
ಮೇಕೆಯೊಂದು ಇಳಿದು ಬಂದು
ನಮ್ಮ ನೆರಳಲ್ಲಿ ನಿಂತಿತು.
ಉಕ್ಕಿಗೆ ಪಕ್ಕೆ ತಿಕ್ಕಿಕೊಂಡಿತು.
ಒಳಗೆ ನಾವು ಉಸಿರು ಬಿಗಿಹಿಡಿದು
ಅದರ ತುರಿಕೆಯನ್ನು ಕೇಳಿದೆವು.

ಅದನ್ನು ಕರೆದಿದ್ದಳೋ, ನನ್ನನ್ನೋ.
ಮದುವೆಯಾದೆ, ಮಕ್ಕಳಾದರು,
ಮಗಳು ಬಾ ಎಂದಾಗಲೆಲ್ಲ
ಅರೆಕ್ಷಣ ತಡೆದೇ ಏಳುತ್ತೇನೆ.
ಕಾಲುನೋವು ಎಂದುಕೊಂಡಿದ್ದಾಳೆ.

‘ಆ್ಯಕ್ಷನ್!’

ಎದ್ದೆ. ಬಂದೂಕು ಎತ್ತಿದೆ, ಅದೂ ಹಲಗೆಯದು.
ಬಾ, ಎಂದು ಕೂಗಿದೆ.
ದನಿ ಹೇಗೆ ಹೊರಟಿತೋ,
ಟ್ಯಾಂಕಿನ ಮುಚ್ಚಳ ತೆರೆಯಿತು.
ರೊಸ್ತೊವ್‌ನಿಂದ ಬಂದ ಹುಡುಗ ತಲೆ ಹೊರಗಿಟ್ಟು
‘ನನ್ನನ್ನಾ?’ ಎಂದ.

ಕಟ್, ಕಟ್. ಎಲ್ಲರೂ ನಕ್ಕರು.
ಮತ್ತೆ ಐದು ಸಲ.
ಸಿಟ್ಟು ಸಾಲದು ಎಂದ ನಿರ್ದೇಶಕ,
ಗದರಲಿಲ್ಲ, ಒಳ್ಳೆಯವನು.
‘ಇರಲಿ ತಾತಾ, ಊರಲ್ಲಿ
ಬೇರೆ ಯಾರದಾದರೂ ದನಿ ಕೂಡಿಸುತ್ತೇವೆ.’

ಸಂಜೆ ದುಡ್ಡು ಎಣಿಸಿಕೊಳ್ಳುವಾಗ
ಆ ಹುಡುಗ ಚಹಾ ಹಿಡಿದು ಬಂದ.
ಮುಖದ ಮಸಿ ಅರ್ಧ ಒರೆಸಿಕೊಂಡಿದ್ದ.
‘ಏನಂತ ಕೂಗಿದಿರಿ?’

ಬದುಕಿನಲ್ಲಿ ಎರಡನೇ ಸಲ
ಆ ಮಾತಿನ ಅರ್ಥ ಕೇಳುತ್ತಿದ್ದಾರೆ.

‘ಮೇಕೆ ಕರೆದೆ’ ಎಂದೆ.

ಪಾಪ, ತಿರುಗಿ
ಗುಡ್ಡದ ಕಡೆ ನೋಡಿದ.