ಚಕ್ಕುಬಂದಿ

ನಕ್ಷೆಯಲ್ಲಿ ಮೊದಲು ಕಂಡದ್ದು ಹೀಗೆ:
ಮಿಸ್ಸೂರಿಯ ಚೌಕ ಚೌಕ ಹೊಲಗಳ ನಡುವೆ
ಚದುರಂಗದ ಮಣೆಯ ಮೇಲೆ ಯಾರೋ ಬಿಟ್ಟುಹೋದ ಬಾಚಣಿಗೆ.
ಹಲ್ಲುಗಳೆಲ್ಲ ಓರೆ, ನದಿಯ ಕಡೆಗೆ.
ಊರಿನ ಹೆಸರು ಬೋ ಮರೇ.

ಚೆಂದದ ಜೌಗು ಎಂದರ್ಥವಂತೆ ಫ್ರೆಂಚಿನಲ್ಲಿ.
ಕೌಂಟಿ ಕಚೇರಿಯಲ್ಲಿ ಎಲ್ಲರೂ ಬೂಮರಿ ಎನ್ನುತ್ತಾರೆ.
ನನ್ನ ಕಿವಿ ಹಟಮಾರಿ, ಅದಕ್ಕೆ ಕೇಳುವುದು
ಹಿಂದಿನ ಅರ್ಧ ಮಾತ್ರ:
ಮರೆ.

ಪದೇ ಪದೇ ಮುಳುಗುವ ಊರನ್ನು ಸರ್ಕಾರ ಕೊಂಡುಕೊಳ್ಳುತ್ತದೆ.
ಇಪ್ಪತ್ಮೂರು ಮನೆ, ಒಂದು ಇಗರ್ಜಿ, ಬಾಗಿಲು ಹಾಕಿದ ಪೆಟ್ರೋಲ್ ಬಂಕು.
ನಾಲ್ಕೂ ಎಲ್ಲೆ ಅಳೆದು ತರುವುದು ನನ್ನ ಕೆಲಸ,
ಅಳತೆಕೋಲು ಹೊತ್ತು, ರಬ್ಬರ್ ಬೂಟು ಮೆಟ್ಟಿ,
ಮಾರ್ಚಿನ ಒಂದು ಮಂಗಳವಾರ.

ಜೆರ್ವೆ ತೆಬೋ ಕಾಯುತ್ತಿದ್ದರು, ಎಂಬತ್ತೊಂದು ವರ್ಷ,
ಕೈಯಲ್ಲಿ ಕಲಗಚ್ಚಿನ ಬಕೆಟ್ಟು.
ಅವರು ಕೂಗಿದರೆ ಹಂದಿಗಳು ಫ್ರೆಂಚಿನಲ್ಲಿ ಓಡಿಬರುತ್ತವೆ.
‘ಈಗ ಇವಕ್ಕೆ ಮಾತ್ರ ಬರೋದು.
ಆ ಮಾತಾಡಿದರೆ ನಮ್ಮನ್ನ ಜೋಳದ ಕಾಳಿನ ಮೇಲೆ
ಮಂಡಿಯೂರಿಸೋರು ಸ್ಕೂಲಲ್ಲಿ.
ಹಂದಿಗಳು ಸ್ಕೂಲಿಗೆ ಹೋಗಲಿಲ್ಲ.’

ಪಡುವಲಿಗೆ ಸುಣ್ಣಕಲ್ಲಿನ ದಿಬ್ಬ. ತಕರಾರಿಲ್ಲ.
ಅಲ್ಲಿಂದ ನೀರಿನವರೆಗೆ ಮನೆಗೊಂದು ಪಟ್ಟೆ:
ತಲೆಗೆ ಸೌದೆ, ಹೊಟ್ಟೆಗೆ ಕಪ್ಪುಮಣ್ಣು, ಪಾದಕ್ಕೆ ಹೊಳೆ.
ಬರೀ ಬೆಟ್ಟ ಯಾರ ಹಣೆಯಲ್ಲೂ ಬರೆದಿರಲಿಲ್ಲ.
ಗಂಡಿಗೂ ಹೆಣ್ಣಿಗೂ ಸಮಪಾಲು, ಉದ್ದಕ್ಕೇ ಸೀಳಿದರು,
ತಲೆಮಾರಿನಿಂದ ತಲೆಮಾರಿಗೆ,
ಕೊನೆಕೊನೆಗೆ ಎಷ್ಟು ಸಪೂರವೆಂದರೆ
ನೇಗಿಲು ತಿರುಗಿಸಲು ತಂಗಿಯ ಅಪ್ಪಣೆ ಬೇಕು.

ತೆಂಕಲಿಗೆ, ಹಳೆಯ ಪತ್ರದಂತೆ,
‘ವಿಧವೆ ರೋಬಾರಳ ಬೇಲಿ, ಅಕ್ರೋಟು ಮರದ ತನಕ’.
ಬೇಲಿಯಿಲ್ಲ. ಮರವಿದ್ದ ಗುಂಡಿಯಲ್ಲಿ ಕಪ್ಪೆಗಳು.
ವಿಧವೆ ಮಾತ್ರ ಕಾಗದದಲ್ಲಿ ಇನ್ನೂ ವಿಧವೆ.

ಬಡಗಲಿಗೆ ಉಪ್ಪಿನ ಬುಗ್ಗೆ.
ಇಲ್ಲಿ ಜೆರ್ವೆ ಸುಮ್ಮನಾದರು. ಕಾಗದವೇ ಮಾತಾಡಿತು.
ಸಾವಿರದ ಏಳುನೂರ ಎಂಬತ್ತೇಳು, ಸತ್ತವನೊಬ್ಬನ ಆಸ್ತಿ:
ಉಪ್ಪು ಕಾಯಿಸುವ ಕೊಪ್ಪರಿಗೆ, ಆರು, ಒಂದು ಸೀಳು ಬಿಟ್ಟದ್ದು.
ಎತ್ತು, ಒಂದು ಜೊತೆ.
ಮಾರ್ಗರೀತ್, ಕರಿಯ ಹುಡುಗಿ, ಹದಿನಾಲ್ಕು ವರ್ಷ, ಕೆಮ್ಮು ಇದೆ.
ಗರಿಯ ಹಾಸಿಗೆ, ಹಳೆಯದು.
ಕೆಮ್ಮಿಗೆಂದು ಬೆಲೆಯಲ್ಲಿ ಅಷ್ಟು ಕಳೆದಿದ್ದಾರೆ,
ಸೀಳಿಗೆಂದು ಇಷ್ಟು.
ದುಂಡಗಿನ, ಅಚ್ಚುಕಟ್ಟಾದ ಕೈಬರಹ.
ಎಂಥ ಮುದ್ದಾದ ಊರು
ಎಂದು ಬೆಳಿಗ್ಗೆ ನಾನೇ ಅಂದಿದ್ದೆ.

ಬಾವುಟ ಮೂರು ಹಾರಿವೆ ಇಲ್ಲಿ, ಯಾರೂ ಕೇಳಿರಲಿಲ್ಲ.
ಫ್ರಾನ್ಸಿನ ದೊರೆ ಸ್ಪೇನಿನ ದೊರೆಗೆ ಕೊಟ್ಟ ಸುದ್ದಿ
ತಲುಪುವಷ್ಟರಲ್ಲಿ ಎರಡು ಬೆಳೆ ಕೊಯ್ದಾಗಿತ್ತು.
ಆಮೇಲೆ ಕ್ರಯ, ಹೊಸ ಬಾವುಟ, ಸರಪಳಿ ಹಿಡಿದು ಬಂದ ಮೋಜಣಿದಾರರು.
ಅವರಿಗೆ ಭೂಮಿಯೆಂದರೆ ಚೌಕ.
ಈ ಬಾಚಣಿಗೆಯನ್ನು ಎತ್ತಿಡಲು ಅವರಿಗೂ ಆಗಲಿಲ್ಲ.

ಮೂಡಲಿಗೆ ನದಿ ಎಂದಿದೆ.
ನದಿಯಿಲ್ಲ.
ಜೆರ್ವೆಯ ತಾತನ ಕಾಲದಲ್ಲಿ, ಒಂದು ಏಪ್ರಿಲ್,
ರಾತ್ರೋರಾತ್ರಿ ಮಗ್ಗುಲು ಬದಲಿಸಿ ಎರಡು ಮೈಲಿ ಆಚೆ ಮಲಗಿತು.
ಪಾತ್ರದಲ್ಲೀಗ ಸೋಯಾ.
ಆದರೂ ಏಳೆಂಟು ವರ್ಷಕ್ಕೊಮ್ಮೆ ಬರುತ್ತದೆ,
ಬಿಟ್ಟುಹೋದ ಚಪ್ಪಲಿಗೆ ಮರಳಿದ ನೆಂಟನಂತೆ,
ಸೀದಾ ಅಡುಗೆಮನೆಗೆ.
ನೆಟ್ಟಗೆ ಹೂತ ತೊಲೆಗಳ ಗೋಡೆಯಲ್ಲಿ
ಆಳೆತ್ತರಕ್ಕೆ ಕೆಸರಿನ ಗೆರೆ, ಅದರ ಮೇಲೊಂದು, ಮತ್ತೊಂದು.
ಮಗು ಬೆಳೆದಂತೆ ಗೀಚಿಟ್ಟ ಗುರುತು.

‘ಏನು ಬರೀಲಿ?’ ಎಂದೆ.
‘ಬರಿ: ಮೂಡಲಿಗೆ ನದಿ,
ಮನೇಲಿದ್ದಾಗ.’

ಫಾರಮ್ಮಿನ ಖಾನೆಗೆ ಅಂಕಿ ಮಾತ್ರ ಸಾಕು.
ಅಂಕಿ ತುಂಬಿದೆ. ಸಹಿ ಹಾಕಿದೆ.
ವಾಪಸು ಬರುವಾಗ ದಿಬ್ಬದ ತಿರುವಿನಲ್ಲಿ
ಕಾರಿನ ಗಾಜು ಇಳಿಸಿ
ಆ ಕೂಗನ್ನೊಮ್ಮೆ ಕೂಗಿ ನೋಡಿದೆ.
ಯಾವುದೂ ಓಡಿಬರಲಿಲ್ಲ.
ಉಚ್ಚಾರ ಸರಿಯಿರಲಿಲ್ಲವೇನೋ.